ಇಡ್ಲಿ ತಟ್ಟೆಯಲ್ಲಿ ಬೆಂದ ಬಣ್ಣಗಳು

ಮುರಿದ ಕ್ರೇಯಾನುಗಳನ್ನು ಕರಗಿಸಿ ಹೊಸ ಕ್ರೇಯಾನು ಮಾಡುವ ಕೆಲಸವನ್ನು ನಾನು ಮಕ್ಕಳೊಂದಿಗೆ ಹದಿನೆಂಟು ವರ್ಷ ಮಾಡಿದೆ. ಅದರಲ್ಲಿ ಒಮ್ಮೆ, ನಾವು ಮಾಡಿದ ಒಂದು ಬಣ್ಣದಿಂದಾಗಿ ಒಬ್ಬ ಅಡುಗೆಯವರ ಕೆಲಸ ಹೋಯಿತು. ಅವರು ಊರಿಗೆ ಹೊರಡುವ ಬಸ್ಸು ಸಂಜೆ ನಾಲ್ಕಕ್ಕಿತ್ತು. ಅಷ್ಟರೊಳಗೆ ಆ ಕೆಲಸವನ್ನೂ ಹೆಸರನ್ನೂ ಅವರಿಗೆ ವಾಪಸು ಕೊಡಿಸಬೇಕಿತ್ತು. ಈ ಬರಹದ ಮುಖ್ಯ ಸುದ್ದಿ ಇದು.

ಮುಖ್ಯ ಸುದ್ದಿಯನ್ನು ಮೊದಲೇ ಹೇಳಿಬಿಡುವುದು ಹಳೆಯ ಅಭ್ಯಾಸ. ಮದುವೆಯಾಗಿ ಪುಣೆಗೆ ಬರುವ ಮುಂಚೆ ನಾನು ಹುಬ್ಬಳ್ಳಿಯ ದಿನಪತ್ರಿಕೆಯೊಂದರಲ್ಲಿ ನಾಲ್ಕು ವರ್ಷ ಉಪಸಂಪಾದಕಿಯಾಗಿದ್ದೆ. ಅಲ್ಲಿನ ಸಂಪಾದಕರು ಎರಡು ನಿಯಮ ಹೇಳಿಕೊಟ್ಟಿದ್ದರು. ಕಂಡದ್ದನ್ನು ಬರೆ, ಅನಿಸಿದ್ದನ್ನು ಬೇರೆ ಇಡು. ತಪ್ಪು ಅಚ್ಚಾದರೆ ತಿದ್ದುಪಡಿಯನ್ನು ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕು. ಆಮೇಲೆ ಪುಣೆಯ ದಂಡಿನ ಪ್ರದೇಶವಾದ ಖಡಕಿಯ ಒಂದು ಕನ್ನಡ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಎರಡನೇ ತರಗತಿಗೆ ಪಾಠ ಮಾಡಿದೆ. ಬಿ.ಎಡ್., ಡಿ.ಎಡ್. ಪುಸ್ತಕಗಳಿಗಿಂತ ಆ ಎರಡು ನಿಯಮಗಳೇ ನನಗೆ ಹೆಚ್ಚು ಒದಗಿದವು. ಬಡ್ತಿ, ಸನ್ಮಾನಗಳ ವಿಷಯ ಇಲ್ಲಿಲ್ಲ. ಈಗ ಕೆಲಸಕ್ಕೆ ಸೇರುತ್ತಿರುವವರಿಗೆ ಅದರಿಂದ ಉಪಯೋಗವಿಲ್ಲ. ಎಡವಟ್ಟುಗಳಿಂದ ಉಪಯೋಗವಿದೆ.

ಶುರುವಾದದ್ದು ಹೀಗೆ. ನಮ್ಮ ತರಗತಿಯಲ್ಲಿ ಬಣ್ಣಗಳನ್ನು ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿಯಲ್ಲಿ ಎಲ್ಲರಿಗೂ ಸೇರಿಸಿ ಇಡುತ್ತಿದ್ದೆ. ಕ್ರೇಯಾನಿಗೆ ಖಡಕಿಯ ಮಕ್ಕಳು ಮರಾಠಿಯ ‘ಖಡು’ ಎಂಬ ಹೆಸರನ್ನೇ ಹೇಳುತ್ತಾರೆ. ಡಬ್ಬಿ ತೆರೆದ ತಕ್ಷಣ ಉದ್ದ ಖಡುಗಳಿಗೆ ಮುತ್ತಿಗೆ. ತುಂಡುಗಳು ತಳದಲ್ಲೇ ಉಳಿಯುತ್ತಿದ್ದವು. ಒಂದು ದಿನ ಕೊನೆಯಲ್ಲಿ ಬಂದ ಹುಡುಗಿಯೊಬ್ಬಳು ಡಬ್ಬಿಯೊಳಗೆ ನೋಡಿ, “ಟೀಚರ್, ಇವು ಖಡು ಅಲ್ಲರಿ, ಖಡೂನ ಮಕ್ಕಳು” ಎಂದಳು. ಆ ಸಂಜೆ ಡಬ್ಬಿಯನ್ನು ಮನೆಗೆ ಒಯ್ದು ಒಳಗಿದ್ದುದನ್ನೆಲ್ಲ ಎಣಿಸಿದೆ. ಉದ್ದದವು ಒಂಬತ್ತು, ತುಂಡುಗಳು ಇನ್ನೂರಕ್ಕೂ ಮೇಲೆ. ಎಂದರೆ ತರಗತಿಯ ಬಣ್ಣವೆಲ್ಲ ಇದ್ದದ್ದು ಯಾರೂ ಮುಟ್ಟದ ಕಡೆ.

ತುಂಡುಗಳನ್ನು ಕರಗಿಸುವ ಕೆಲಸಕ್ಕೆ ಪ್ರತಿ ಶುಕ್ರವಾರ ಗೊತ್ತುಮಾಡಿದೆ. ಕರಗಿಸುವ ಮುಂಚೆ ಕಾಗದ ಬಿಡಿಸಬೇಕು. ಮೊದಲ ವಾರ ಉಗುರಿನಲ್ಲಿ ಬಿಡಿಸಿದೆವು, ಅರ್ಧ ತಾಸಿನಲ್ಲಿ ಹತ್ತು ತುಂಡು. ಎರಡನೆಯ ವಾರ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದೆವು. ಕಾಗದ ತಾನಾಗಿ ಜಾರಿಬಂತು. ಇದನ್ನು ನಾನು ಕಂಡುಹಿಡಿದದ್ದಲ್ಲ. ಮಗುವೊಂದು ನೀರಿನ ಬಾಟಲಿ ಚೆಲ್ಲಿ ಕಂಡುಹಿಡಿದದ್ದು. ಮಕ್ಕಳ ಕೆಲಸ ಬಿಡಿಸುವುದು, ಮುರಿಯುವುದು, ಬಣ್ಣಕ್ಕೆ ಬಣ್ಣ ಸೇರಿಸುವುದು. ಬೆಂಕಿಯ ಕೆಲಸ ನನ್ನದು. ಮುರಿಯುವ ಹೊತ್ತಿನಲ್ಲಿ ತರಗತಿ ಎಷ್ಟು ಖುಷಿಯಾಗಿರುತ್ತದೆ ಎಂಬುದನ್ನು ಹೊಸಬರು ತಿಳಿದಿರಬೇಕು. ಶಾಲೆಯಲ್ಲಿ ಮುರಿದರೆ ಶಹಬ್ಬಾಸ್ ಅನ್ನುವ ಪೀರಿಯಡ್ಡು ಬೇರೆ ಇಲ್ಲ.

ಬೆಂಕಿಯ ಕೆಲಸವನ್ನು ನಾನು ಮೊದಲು ತರಗತಿಯ ಮೂಲೆಯಲ್ಲಿ ಪುಟ್ಟ ಸ್ಟೋವ್ ಇಟ್ಟು ಮಾಡಿದೆ. ಮೂರನೇ ಶುಕ್ರವಾರ ಮೇಣದ ವಾಸನೆ ಹಿಡಿದು ಮುಖ್ಯೋಪಾಧ್ಯಾಯಿನಿ ದೇಶಪಾಂಡೆ ಬಾಯಿ ಬಂದರು. ಧಾರವಾಡದವರು. ಅವರ ಚಪ್ಪಲಿ ಸದ್ದಿಗೇ ಕಾರಿಡಾರು ಸುಮ್ಮನಾಗುತ್ತಿತ್ತು.

“ಏನ್ರಿ ಇದು? ಸಾಲಿಯೊಳಗ ಸ್ಟೋವ್ ಹಚ್ಚೀರಿ?”

“ಖಡು ಮಾಡ್ಲಿಕತ್ತೇವ್ರಿ, ಬಾಯಿ.”

“ಖಡು ಮಾಡ್ರಿ, ಕಡುಬು ಮಾಡ್ರಿ, ನನಗೇನೂ ತಕರಾರಿಲ್ಲ. ಬೆಂಕಿ ಮಾತ್ರ ಈ ಗ್ವಾಡಿಯೊಳಗ ಬ್ಯಾಡ. ಇನ್ನೊಂದು ಮಾತು. ಹೊರಗಿನಿಂದ ಒಂದ ಒಂದು ಕಂಪ್ಲೇಂಟ್ ಬಂದ್ರೂ ನಿಮ್ಮ ಶುಕ್ರವಾರ ಬಂದ್.”

ಅವರ ಮಾತು ಸರಿಯಾಗಿತ್ತು. ಏಪ್ರಿಲಿನಲ್ಲಿ ತಾರಸಿಯ ತಗಡಿನ ಮೇಲೆ ಬಿಸಿಲಿಗಿಟ್ಟು ನೋಡಿದೆವು. ಪುಣೆಯ ಏಪ್ರಿಲ್ ಬಿಸಿಲು ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತು. ಜೂನ್ ಬಂದ ಮೇಲೆ ಬಿಸಿಲನ್ನು ನಂಬುವ ಹಾಗಿರಲಿಲ್ಲ. ಆಗ ಶಾಲೆಯ ಹಿಂದಿನ ಶೆಟ್ಟರ ಹೋಟೆಲು ನೆನಪಾಯಿತು. ಶೆಟ್ಟರು ಕುಂದಾಪುರದ ಕಡೆಯವರು. ಬೆಳಗಿನ ಇಡ್ಲಿ ಗಲಾಟೆ ಹನ್ನೊಂದಕ್ಕೆ ಮುಗಿದ ಮೇಲೆ ಅವರ ದೊಡ್ಡ ಹಬೆಪಾತ್ರೆ ಖಾಲಿ ಕೂತಿರುತ್ತಿತ್ತು.

ಕೇಳಿದಾಗ ಶೆಟ್ಟರು, “ಎಂತ ಟೀಚರೇ, ಮೇಣದ ಇಡ್ಲಿಯಾ? ಭಟ್ರನ್ನು ಕೇಳಿ. ಅಡುಗೆಮನೆಯಲ್ಲಿ ನನ್ನ ಮಾತು ನಡೆಯುದಿಲ್ಲ” ಎಂದರು.

ಭಟ್ಟರೆಂದರೆ ವಾಸುದೇವ ಭಟ್ಟರು, ಬಹಳ ವರ್ಷದಿಂದ ಅಲ್ಲಿ ಇಡ್ಲಿ ಬೇಯಿಸುತ್ತಿದ್ದವರು. ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ. ನಾನು ತುಂಡುಗಳನ್ನು ಮಾಮೂಲಿ ಇಡ್ಲಿ ತಟ್ಟೆಗೆ ತುಂಬಿ ಒಯ್ದಿದ್ದೆ. ಅವರು ನೋಡಿದರು, ಹಬೆಗಿಟ್ಟರು. ಹತ್ತು ನಿಮಿಷದ ಮೇಲೆ ಮುಚ್ಚಳ ತೆಗೆದಾಗ ತಟ್ಟೆ ಖಾಲಿ, ತಳದ ನೀರಿನ ಮೇಲೆ ಕಾಮನಬಿಲ್ಲು. ಇಡ್ಲಿ ತಟ್ಟೆಯ ಕುಳಿಗಳಲ್ಲಿ ತೂತುಗಳಿರುತ್ತವೆ. ತಿನ್ನುವವರಿಗೆ ಅದು ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಆದರೆ ನಾನು ಮನೆಯಲ್ಲಿ ಪ್ರತಿ ಭಾನುವಾರ ಇಡ್ಲಿ ಮಾಡುವವಳು.

“ಮೊದಲೇ ಹೇಳಬಾರದಿತ್ತಾ ಭಟ್ರೇ?”

“ಹೇಳಿದ್ರೆ ಮರೀತೀರಿ. ಈಗ ಮರೆಯುದಿಲ್ಲ.”

ಅವರೇ ಅಟ್ಟದಿಂದ ತೂತಿಲ್ಲದ ಎರಡು ಹಳೆಯ ತಟ್ಟೆ ಇಳಿಸಿಕೊಟ್ಟರು. ಸಾಂಬಾರಿನಲ್ಲಿ ಮುಳುಗಿಸಿ ಕೊಡುತ್ತಾರಲ್ಲ, ಗುಂಡಿಯಷ್ಟು ಪುಟ್ಟ ಇಡ್ಲಿ, ಅದರ ತಟ್ಟೆಗಳು. ಆ ಅಳತೆಯ ಖಡು ಏಳು ವರ್ಷದ ಮುಷ್ಟಿಗೆ ಹೇಳಿಮಾಡಿಸಿದ ಹಾಗಿತ್ತು. ಕಡ್ಡಿಯಂಥ ಖಡು ಒತ್ತಿದರೆ ಮುರಿಯುತ್ತದೆ, ಗುಂಡನೆಯದು ಮುರಿಯುವುದಿಲ್ಲ. ಹಬೆಯ ಹನಿ ಬಿದ್ದು ಮೇಣದ ಮೇಲೆ ಸಿಡುಬಿನ ಕಲೆಯಂಥ ಗುಳಿಗಳಾಗುತ್ತಿದ್ದವು. ಅದಕ್ಕೂ ಮದ್ದು ಅವರದೇ: “ಮುಚ್ಚಳಕ್ಕೆ ಬಟ್ಟೆ ಕಟ್ಟಿ. ಮೇಲಿನ ನೀರು ಕೆಳಗೆ ಬಿದ್ರೆ ಇಡ್ಲಿಗೂ ಮುಖ ಹಾಳು, ನಿಮ್ಮ ಮೇಣಕ್ಕೂ ಮುಖ ಹಾಳು.” ಮಕ್ಕಳು ಹಿತ್ತಲ ಬಾಗಿಲಿನ ಹೊಸ್ತಿಲಾಚೆ ಸಾಲಾಗಿ ನಿಂತು ಕಾಯುತ್ತಿದ್ದರು. ಭಟ್ಟರು ಆರಿದ ತಟ್ಟೆಯನ್ನು ಬೋರಲು ಹಾಕಿ ಒಮ್ಮೆ ತಟ್ಟಿದರೆ ಹದಿನೆಂಟು ಖಡು ಟಪಟಪ ಉದುರುತ್ತಿದ್ದವು. ಪ್ರತಿ ವಾರ ಚಪ್ಪಾಳೆ. ಭಟ್ಟರು ನಗುತ್ತಿರಲಿಲ್ಲ, ಆದರೆ ಚಪ್ಪಾಳೆ ಮುಗಿಯುವವರೆಗೆ ಎರಡನೆಯ ತಟ್ಟೆ ಮುಟ್ಟುತ್ತಲೂ ಇರಲಿಲ್ಲ.

ಹೀಗೆ ಹುಟ್ಟಿದ ಬಣ್ಣಗಳಿಗೆ ಹೆಸರಿರುವುದಿಲ್ಲ. ನೀಲಿಗೆ ಕಂದು, ಕಂದಿಗೆ ಗುಲಾಬಿ ಸೇರಿ ಏನೋ ಆಗಿರುತ್ತದೆ. ಅದಕ್ಕೊಂದು ದಪ್ಪ ರಿಜಿಸ್ಟರ್ ಇಟ್ಟೆ. ಎಡಕ್ಕೆ ಬಣ್ಣದ ಗೀರು, ಬಲಕ್ಕೆ ಮಕ್ಕಳು ಕೈಯೆತ್ತಿ ಒಪ್ಪಿದ ಹೆಸರು. ಸೇನೆಯ ಊರಾದ್ದರಿಂದ ‘ಮಿಲಿಟ್ರಿ ಹಸಿರು’ ನಾಲ್ಕು ಸಲ ಬಂದಿದೆ. ಒಂದು ಕಂದು ಬಣ್ಣಕ್ಕೆ ಈರಣ್ಣನೆಂಬ ಹುಡುಗ ‘ಅಜ್ಜನ ಮೂಗು’ ಎಂದು ಹೆಸರಿಟ್ಟ. ಅವನ ಅಜ್ಜ ನಶ್ಯ ಹಾಕುವವರು. ದೇಶಪಾಂಡೆ ಬಾಯಿ ರಿಜಿಸ್ಟರ್ ನೋಡಿ, “ಇದೇನ್ರಿ, ಹಿರಿಯರ ಮೂಗು!” ಎಂದರು. ಅಜ್ಜನನ್ನು ಒಮ್ಮೆ ನೋಡಿ ಬರಲು ವಿನಂತಿಸಿದೆ. ಅವರು ಪಾಲಕರ ಸಭೆಯಲ್ಲಿ ನೋಡಿದರು. ಹೆಸರು ಉಳಿಯಿತು.

ಹೀಗೆ ಕೆಲವು ವರ್ಷ ನಡೆದ ಮೇಲೆ, ಈರಣ್ಣ ನನ್ನ ತರಗತಿಯಲ್ಲಿದ್ದ ವರ್ಷ, ಜೂನ್ ಕೊನೆಯ ಶುಕ್ರವಾರ ನೀಲಿ, ಗುಲಾಬಿ, ಚೂರು ಕಪ್ಪು ಸೇರಿ ಒಂದು ಗಾಢ ಬಣ್ಣ ಬಂತು. ಅರ್ಧ ತರಗತಿ ನೇರಳೆ ಎಂದಿತು, ಅರ್ಧ ತರಗತಿ ಮರಾಠಿಯಲ್ಲಿ ಜಾಂಭಳಾ ಎಂದಿತು. ಎರಡೂ ಒಂದೇ ಹಣ್ಣಿನ ಹೆಸರು ಎಂದು ನಾನು ಹೇಳಿದರೂ ಜಗಳ ನಿಲ್ಲಲಿಲ್ಲ. ಶೆಟ್ಟರ ಮೊಮ್ಮಗಳು ಸಾನ್ವಿ ಎದ್ದುನಿಂತು ತನ್ನ ನಾಲಿಗೆ ಚಾಚಿ ತೋರಿಸಿದಳು. ಬೆಳಿಗ್ಗೆ ಆ ಹಣ್ಣೇ ತಿಂದಿದ್ದಳು. ‘ನೇರಳೆ ತಿಂದ ನಾಲಿಗೆ’ ಎಂಬ ಹೆಸರು ಸರ್ವಾನುಮತದಿಂದ ರಿಜಿಸ್ಟರಿಗೆ ಹೋಯಿತು.

ಅಂದು ತುಂಡುಗಳು ಜಾಸ್ತಿಯಾಗಿ ನಮ್ಮ ಎರಡು ತಟ್ಟೆ ಸಾಲಲಿಲ್ಲ. ಭಟ್ಟರು ಹೋಟೆಲಿನ ಅಂಥದೇ ಪುಟ್ಟ ತಟ್ಟೆ ಇನ್ನೊಂದು ಕೊಟ್ಟು, “ಇದು ಇನ್ನು ನಿಮಗೇ ಇರಲಿ, ಮತ್ತೆ ಅಡುಗೆಮನೆಯೊಳಗೆ ಬರುದು ಬೇಡ” ಎಂದರು. ನಾನು ಜೇಬಿನಲ್ಲಿದ್ದ ಕೆಂಪು ಖಡು ತೆಗೆದು ತಟ್ಟೆಯ ಅಂಚಿನ ಮೇಲೆ ‘ಶಾ’ ಎಂದು ಬರೆದೆ. ಶಾಲೆಯದು ಎಂಬ ಗುರುತು. “‘ಶಾ’ ಇದ್ದದ್ದು ನಮ್ದು ಭಟ್ರೇ” ಎಂದೆ. ಅವರು ತಲೆಯಾಡಿಸಿದರು. ಕೆಲಸ ಮುಗಿದಾಗ ಕೈ ತುಂಬ ಖಡು. ಆ ಮೂರನೆಯ ತಟ್ಟೆಯನ್ನು ಕಾಗದದಿಂದ ಒರೆಸಿ, ಸೋಮವಾರ ಒಯ್ದರಾಯಿತೆಂದು ಅಲ್ಲೇ ಕಟ್ಟೆಯ ಮೇಲೆ ಬಿಟ್ಟುಬಂದೆ.

ಇಲ್ಲಿ ಎಡವಟ್ಟು ಎಲ್ಲಿದೆ ಎಂದು ಓದುಗರು ಆಗಲೇ ಕಂಡಿರಬಹುದು. ನನಗೆ ಕಾಣಲು ಸೋಮವಾರ ಬರಬೇಕಾಯಿತು.

ನನ್ನ ತರಗತಿಯಲ್ಲಿ ದಿನದ ಮೊದಲ ಹತ್ತು ನಿಮಿಷ ಸುದ್ದಿಗೆ ಮೀಸಲು. ಯಾರು, ಏನು, ಎಲ್ಲಿ ಎಂದು ಒಂದೊಂದು ಮಗು ಒಂದೊಂದು ಸುದ್ದಿ ಹೇಳಬೇಕು. ಆ ಸೋಮವಾರ ಸಾನ್ವಿ ಎದ್ದಳು. ಮುಖ ಬಾಡಿತ್ತು.

“ಟೀಚರ್, ಅಜ್ಜ ಭಟ್ರಿಗೆ ಜೋರು ಬೈದ್ರು. ನಿನ್ನೆ ಹೋಟೆಲಲ್ಲಿ ಇಡ್ಲಿಗೆ ಬಣ್ಣ ಹತ್ತಿತ್ತು. ಒಬ್ರು ಫೋಟೋ ತೆಗೆದು ಅವರ ಸೊಸೈಟಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು. ಭಟ್ರು ಇವತ್ತು ನಾಕು ಗಂಟೆ ಬಸ್ಸಿಗೆ ಊರಿಗೆ ಹೋಗ್ತಾರಂತೆ. ಇನ್ನು ಬರುದಿಲ್ವಂತೆ.”

“ಎಂಥ ಬಣ್ಣ?” ಎಂದೆ.

“ನೇರಳೆ ತಿಂದ ನಾಲಿಗೆ.”

ಅವಳು ನೀಲಿ ಎನ್ನಲಿಲ್ಲ, ಜಾಂಭಳಾ ಎನ್ನಲಿಲ್ಲ. ಆ ಹೆಸರಿನ ಬಣ್ಣ ಪುಣೆಯಲ್ಲಿ ನಮ್ಮ ಡಬ್ಬಿಯಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಕಂಡದ್ದನ್ನು ಬರೆಯಬೇಕಾದ್ದರಿಂದ ಇದನ್ನೂ ಬರೆಯುತ್ತೇನೆ: ಮುಂದಿನ ಐದು ನಿಮಿಷ ನಾನು ಸುಮ್ಮನಿದ್ದುಬಿಡುವ ಯೋಚನೆ ಮಾಡಿದೆ. ತಟ್ಟೆಯನ್ನು ಅಲ್ಲೇ ಬಿಟ್ಟುಬಂದದ್ದು ಗೊತ್ತಿರುವುದು ನನಗೊಬ್ಬಳಿಗೆ. ಹೇಳಿದರೆ ಹೊರಗಿನ ಕಂಪ್ಲೇಂಟ್ ಆಗುತ್ತದೆ, ಶುಕ್ರವಾರ ಬಂದ್ ಆಗುತ್ತದೆ. ಆಮೇಲೆ ಈರಣ್ಣ ಕೇಳಿದ: “ಟೀಚರ್, ಭಟ್ಟರು ಹೋದ್ರ ತಾಟು ಬಡಿಯೋರು ಯಾರ್ರಿ?” ನಾನು ರಿಜಿಸ್ಟರ್ ತೆಗೆದುಕೊಂಡು ದೇಶಪಾಂಡೆ ಬಾಯಿಯವರ ಕೋಣೆಗೆ ಹೋದೆ.

ಅವರು ಪೂರ್ತಿ ಕೇಳಿಸಿಕೊಂಡರು. “ಹೋಗ್ರಿ” ಎಂದರು. “ನಿಮ್ಮ ಕ್ಲಾಸು ನಾ ನೋಡ್ಕೋತೀನಿ.”

“ಶುಕ್ರವಾರದ್ದು, ಬಾಯಿ?”

“ಶುಕ್ರವಾರದ್ದು ಶುಕ್ರವಾರ ನೋಡೋಣು. ಇವತ್ತು ಸೋಮವಾರ ಅದ.”

ಹೋಟೆಲಿನ ಅಡುಗೆಮನೆಯಲ್ಲಿ ಪುಟ್ಟ ಇಡ್ಲಿ ತಟ್ಟೆಗಳ ರಾಶಿಯಿತ್ತು. ಯಾವುದರ ಮೇಲೂ ‘ಶಾ’ ಇರಲಿಲ್ಲ. ನಾಲ್ಕನೆಯ ತಟ್ಟೆಯ ಕುಳಿಯಲ್ಲಿ ಉಗುರಾಡಿಸಿದಾಗ ನೇರಳೆ ಬಣ್ಣ ಬಂತು. ಅಂಚಿನಲ್ಲಿ ಕೆಂಪಗೆ ಒಂದು ಜಾರಿದ ಗೀರು. ಮೇಣವನ್ನು ಕರಗಿಸಲೆಂದೇ ಹಬೆಗಿಡುವ ತಟ್ಟೆಗೆ ನಾನು ಮೇಣದಿಂದಲೇ ಗುರುತು ಹಾಕಿದ್ದೆ. ಗುರುತು ಅಂದೇ ಕರಗಿಹೋಗಿತ್ತು. ಭಾನುವಾರದ ಗಲಾಟೆಯಲ್ಲಿ ತಟ್ಟೆ ರಾಶಿ ಸೇರಿ, ಅದಕ್ಕೆ ಹಿಟ್ಟೂ ಬಿದ್ದಿತ್ತು. ಬಣ್ಣ ಹತ್ತಿದ ಎರಡು ಪ್ಲೇಟು ತಿನ್ನದೆ ವಾಪಸು ಬಂದಿದ್ದವು. ಯಾರಿಗೂ ಏನೂ ಆಗಿರಲಿಲ್ಲ.

ಶೆಟ್ಟರಿಗೆ ತಟ್ಟೆ, ರಿಜಿಸ್ಟರಿನ ಗೀರು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದರು, ಹಾಕಿದರು. “ಅಯ್ಯೋ ಮಾರಾಯ್ರೇ. ಸಿಹಿತಿಂಡಿಯ ಬಣ್ಣದ ಕೈಯಲ್ಲೇ ಹಿಟ್ಟು ಮುಟ್ಟಿದ್ದಾರೆ ಅಂತ ತಿಳಿದು ನಾನು ಭಟ್ರಿಗೆ ಎಂತೆಂತದೋ ಹೇಳಿಬಿಟ್ಟೆ.”

ಭಟ್ಟರು ಹಿಂದಿನ ಕೋಣೆಯಲ್ಲಿ ಚೀಲಕ್ಕೆ ಜಿಪ್ ಹಾಕುತ್ತಿದ್ದರು. ನಾನು ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಶೆಟ್ಟರು ಬಾಗಿಲಲ್ಲಿ ನಿಂತು ಕೆಮ್ಮಿದರು.

“ಇಪ್ಪತ್ತೆರಡು ವರ್ಷ ಇಡ್ಲಿ ಬೇಯಿಸಿದವನಿಗೆ ಬಿಳಿ ಯಾವುದು ಅಂತ ಗೊತ್ತಿಲ್ವಾ, ಕೇಳಿದ್ರು ಇವರು” ಎಂದರು ಭಟ್ಟರು. “ಕೇಳಿದ್ದು ಒಳಗಲ್ಲ, ಹೊರಗೆ. ಗಿರಾಕಿಗಳ ಎದುರಿಗೆ. ಈಗ ಇಲ್ಲಿ ನಾಕು ಗೋಡೆಯೊಳಗೆ ನೀವಿಬ್ರು ಬಂದು ಹೇಳಿದ್ರೆ ಆಯ್ತಾ ಟೀಚರೇ? ಹೊರಗೆ ಹೋದ ಹೆಸರು ಒಳಗೆ ವಾಪಸ್ ಬರುದಿಲ್ಲ.”

ಹುಬ್ಬಳ್ಳಿಯ ಸಂಪಾದಕರು ಹೇಳಿದ್ದೂ ಇದೇ. ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ.

ತರಗತಿಗೆ ಓಡಿದಾಗ ಹನ್ನೊಂದೂಕಾಲು. ಮಕ್ಕಳಿಗೆ ವಿಷಯ ಹೇಳಿದೆ: ತಪ್ಪು ನನ್ನದು, ಬಣ್ಣ ನಮ್ಮದು, ಬೈಸಿಕೊಂಡವರು ಭಟ್ಟರು. ದೊಡ್ಡ ಡ್ರಾಯಿಂಗ್ ಹಾಳೆ ಹಾಸಿದೆವು. ಹಲಗೆಯ ಮೇಲೆ ನಾನು ಬರೆದೆ, ಮಕ್ಕಳು ಒಬ್ಬೊಬ್ಬರು ಒಂದೊಂದು ಪದವನ್ನು ಹಾಳೆಗೆ ಇಳಿಸಿದರು, ಆ ನೇರಳೆ ಬಣ್ಣದಲ್ಲೇ. ‘ತಿದ್ದುಪಡಿ. ಭಾನುವಾರ ಇಡ್ಲಿಗೆ ಹತ್ತಿದ ಬಣ್ಣ ನಮ್ಮ ಕ್ಲಾಸಿನದು. ಅದು ಭಟ್ಟರ ತಪ್ಪಲ್ಲ. ಎರಡನೇ ತರಗತಿ.’ ಕೆಳಗೆ ಅದನ್ನೇ ಮರಾಠಿಯಲ್ಲಿ ದೇಶಪಾಂಡೆ ಬಾಯಿ ತಾವಾಗಿಯೇ ಕುಳಿತು ಬರೆದರು. ಅವರು ನೆಲದ ಮೇಲೆ ಕುಳಿತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹನ್ನೆರಡೂವರೆಗೆ ಶಾಲೆ ಬಿಟ್ಟಿತು. ಹಾಳೆಯನ್ನು ಎಂಟು ಮಕ್ಕಳು ಹಿಡಿದುಕೊಂಡರು, ಉಳಿದವರು ಹಿಂದೆ. ಊಟದ ಹೊತ್ತು, ಹೋಟೆಲು ತುಂಬಿತ್ತು. ಶೆಟ್ಟರು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ, ದೇವರ ಪಟದ ಪಕ್ಕದಲ್ಲಿ, ತಾವೇ ಸ್ಟೂಲ್ ಹತ್ತಿ ಅಂಟಿಸಿದರು. ಮೂಲೆಯ ಮೇಜಿನವರು ಯಾರೋ ಫೋನು ತೆಗೆದು ಅದರ ಫೋಟೋ ಹಿಡಿದರು. ಭಾನುವಾರದ ಫೋಟೋ ಹಾಕಿದವರೇ ಅವರೆಂದು ಶೆಟ್ಟರು ನನ್ನ ಕಿವಿಯಲ್ಲಿ ಹೇಳಿದರು. ಅದೂ ಅದೇ ಗ್ರೂಪಿಗೆ ಹೋಯಿತು.

ಸಾನ್ವಿ ಒಳಗೆ ಹೋಗಿ ಭಟ್ಟರ ಕೈ ಹಿಡಿದು ಎಳೆತಂದಳು. ಇನ್ನೊಂದು ಕೈಯಲ್ಲಿ ಚೀಲವಿತ್ತು. ಅವರು ಗೋಡೆಯ ಮುಂದೆ ನಿಂತು ಓದಿದರು. ತುಟಿ ಅಲುಗುತ್ತಿತ್ತು. ತಮ್ಮ ಹೆಸರಿದ್ದ ಸಾಲಿನಲ್ಲಿ ಹುಬ್ಬು ಗಂಟಿಕ್ಕಿತು. ಮತ್ತೆ ಮೊದಲಿನಿಂದ ಓದಿದರು.

ಆಗ ಈರಣ್ಣನ ಅಪ್ಪ ಒಳಗೆ ಬಂದರು, ಮಗನನ್ನು ಕರೆದೊಯ್ಯಲು. ವಿಜಯಪುರದ ಕಡೆಯವರು, ಕಾರ್ಖಾನೆಯಲ್ಲಿ ಫಿಟ್ಟರ್. ಗೋಡೆಯತ್ತ ಒಮ್ಮೆ ನೋಡಿ ದೊಡ್ಡ ದನಿಯಲ್ಲಿ, “ಏನ್ರಿ ಶೆಟ್ಟ್ರ, ಇವತ್ತ ಭಟ್ಟರ ತಪ್ಪಲ ಮಾಡೀರಿ? ಭಾಳ ಛಲೋ ಆತು. ಎರಡು ಪ್ಲೇಟ್ ಹಚ್ರಿ. ರೊಟ್ಟಿ ಅದಾವೇನು?” ಎಂದರು.

ನಮ್ಮ ಕಡೆ ಸೊಪ್ಪಿಗೆ ತಪ್ಪಲ ಎನ್ನುತ್ತಾರೆ. ತಪ್ಪಲ ಪಲ್ಯ, ರೊಟ್ಟಿ. ನಾನು ತಲೆಯೆತ್ತಿ ನೋಡಿದೆ. ಭಟ್ಟರ ಹೆಸರಿದ್ದ ಸಾಲಿನ ಕೊನೆಯ ಪದ ಬರೆದವನು ಈರಣ್ಣ. ಪಕಾರಕ್ಕೆ ಒತ್ತು ಕೊಟ್ಟಿದ್ದ, ಲಕಾರದ ಒತ್ತು ಮರೆತಿದ್ದ. ಸುದ್ದಿಮನೆಯಿಂದ ಬಂದ ನಾನು ಅವಸರದಲ್ಲಿ, ಇರಬೇಕಾದದ್ದನ್ನು ಓದಿದ್ದೆ, ಇದ್ದದ್ದನ್ನು ಓದಿರಲಿಲ್ಲ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೀಗಿತ್ತು: ‘ಅದು ಭಟ್ಟರ ತಪ್ಪಲ.’

ವಿಷಯ ತಿಳಿದ ಮೇಲೆ ಮೊದಲು ನಕ್ಕವರು ಭಟ್ಟರು. ಎಷ್ಟೋ ವರ್ಷದ ಪರಿಚಯದಲ್ಲಿ ಅವರ ಹಲ್ಲು ನಾನು ನೋಡಿದ್ದು ಅದೇ ಮೊದಲು. ಅವರು ನಕ್ಕಿದ್ದು ನೋಡಿ ಈರಣ್ಣನೂ, ತಾನೇ ಏನೋ ಸಾಧಿಸಿದವನಂತೆ, ನಕ್ಕ. ನಗು ನಿಂತ ಮೇಲೆ ಶೆಟ್ಟರು ಗಲ್ಲಾಪೆಟ್ಟಿಗೆಯ ಮೇಲಿನ ಪೆನ್ನನ್ನು ಅತ್ತಿಂದಿತ್ತ ಸರಿಸುತ್ತ, ಯಾರ ಮುಖವನ್ನೂ ನೋಡದೆ, ಆದರೆ ಎಲ್ಲರಿಗೂ ಕೇಳುವಂತೆ, “ತಪ್ಪು ನಂದು ಭಟ್ರೇ. ನಾಳೆಗೆ ಉದ್ದು ಇನ್ನೂ ನೆನೆಹಾಕ್ಲಿಲ್ಲ” ಎಂದರು.

ಭಟ್ಟರು ಗಡಿಯಾರ ನೋಡಿದರು. “ಒಂದು ಗಂಟೆ ಆಯ್ತು. ಈಗ ನೆನೆಹಾಕಿ ರುಬ್ಬುದು ಯಾವಾಗ?” ಎಂದು ಗೊಣಗುತ್ತ ಚೀಲವನ್ನು ಗಲ್ಲಾಪೆಟ್ಟಿಗೆಯ ಮೇಜಿನ ಕೆಳಗೆ ತಳ್ಳಿ ಒಳಗೆ ಹೋದರು. ನಾಲ್ಕರ ಬಸ್ಸು ಅವರಿಲ್ಲದೆ ಹೋಯಿತು.

ಇದರಿಂದ ಹೊಸಬರು ಬರೆದಿಟ್ಟುಕೊಳ್ಳಬೇಕಾದ್ದು ಇಷ್ಟು. ಮೇಣ ಮುಟ್ಟಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಕೂಡದು, ತೊಳೆದರೂ ಹೋಗಕೂಡದು. ಗುರುತನ್ನು ಬಣ್ಣದಲ್ಲಿ ಹಾಕಬೇಡಿ. ಈರಣ್ಣನ ಅಪ್ಪ ನಮ್ಮ ಮೂರೂ ತಟ್ಟೆಗಳ ಅಂಚಿಗೆ ಉಳಿಯಿಂದ ‘ಶಾ’ ಎಂದು ಕೆತ್ತಿಕೊಟ್ಟರು, ಹಬೆಯ ಪಾತ್ರೆಯನ್ನೂ ನಾವು ಬೇರೆ ಮಾಡಿಕೊಂಡೆವು. ಶುಕ್ರವಾರ ದೇಶಪಾಂಡೆ ಬಾಯಿ ನನ್ನ ತರಗತಿಯ ಬಾಗಿಲಲ್ಲಿ ನಿಂತು, “ಏನ್ರಿ, ಇವತ್ತ ಖಡು ಇಲ್ಲೇನು?” ಎಂದರು. ಅಪ್ಪಣೆ ಎಂದು ನಾನು ಅರ್ಥ ಮಾಡಿಕೊಂಡೆ.

ತಿದ್ದುಪಡಿಯಲ್ಲೇ ತಪ್ಪಿದ್ದರೆ ಅದಕ್ಕೆ ಮತ್ತೊಂದು ತಿದ್ದುಪಡಿ ಹಾಕಬೇಕು ಎಂಬುದೂ ಸುದ್ದಿಮನೆಯ ನಿಯಮ. ಮಂಗಳವಾರವೇ ಒತ್ತು ಸರಿಪಡಿಸಿದ ಹೊಸ ಹಾಳೆ ಒಯ್ದಿದ್ದೆ. ಭಟ್ಟರು ಹಳೆಯದನ್ನು ಮುಟ್ಟಲು ಬಿಡಲಿಲ್ಲ. ಮುಂದಿನ ತಿಂಗಳು ಹೋಟೆಲಿನ ಹಲಗೆಯ ಮೇಲೆ ಶುಕ್ರವಾರದ ವಿಶೇಷವೆಂದು ಮೆಂತ್ಯ ಸೊಪ್ಪಿನ 'ಭಟ್ಟರ ತಪ್ಪಲ', ಜೊತೆಗೆ ರೊಟ್ಟಿ ಎಂದು ಬಂತು. ಕರಾವಳಿಯ ಕೈಯಲ್ಲಿ ವಿಜಯಪುರದ ಪಲ್ಯ. ಕೊಬ್ಬರಿ ತುಸು ಜಾಸ್ತಿ, ಈರಣ್ಣನ ಅಪ್ಪನಿಗೆ ಅದೊಂದೇ ತಕರಾರು. ಅದೇ ವಾರ ನಮ್ಮ ತಟ್ಟೆಯಲ್ಲಿ ಬೆಂದ ಒಂದು ಕಡುಹಸಿರಿಗೂ ಮಕ್ಕಳು ಆ ಹೆಸರನ್ನೇ ಇಟ್ಟರು.

ಹೋದ ವರ್ಷ ನಿವೃತ್ತಳಾಗುವಾಗ ರಿಜಿಸ್ಟರನ್ನು ನನ್ನ ಜಾಗಕ್ಕೆ ಬಂದ ಶಿಕ್ಷಕಿಗೆ ಒಪ್ಪಿಸಿದೆ. ಮೈಸೂರಿನವರು, ಅಚ್ಚುಕಟ್ಟು ಸ್ವಭಾವ. ಪುಟ ತಿರುವುತ್ತ ಆ ಹಸಿರಿನ ಮುಂದೆ ನಿಂತು, ಪೆನ್ನು ತೆಗೆದು, “ಮೇಡಂ, ಇಲ್ಲೊಂದು ಒತ್ತು ಬಿಟ್ಟುಹೋಗಿದೆ ಅನ್ಸತ್ತೆ. ಹಾಕ್ಬಿಡ್ಲಾ?” ಎಂದರು.

“ಹಾಕಬ್ಯಾಡ್ರಿ” ಎಂದೆ. “ಇವತ್ತು ಶುಕ್ರವಾರ. ಬರ್ರಿ, ಮೊದಲು ಒಂದು ಪ್ಲೇಟ್ ತಿಂದು ಬರೋಣು.”